ಆರೋಗ್ಯವಂತ ಕುರಿಯ ಕರುಳಿನಲ್ಲೇ ಇರುವ ಕರುಳುಬೇನೆ

ಮೊದಲ ಮಳೆಗೆ ಹುಲ್ಲು ಚಿಗುರಿದಾಗ ಅಥವಾ ಕಟಾವಾದ ಮುಸುಕಿನ ಜೋಳದ ಹೊಲಕ್ಕೆ ಹಿಂಡನ್ನು ಬಿಟ್ಟ ಮರುದಿನ, ಮೈದುಂಬಿದ ಮರಿಯೇ ಸತ್ತು ಬಿದ್ದಿರುವುದುಂಟು. ಯಾರೋ ವಿಷವಿಕ್ಕಿದರೆಂಬ ಶಂಕೆ ಸಹಜವಾದರೂ ಕಾರಣ ಮರಿಯ ಕರುಳಿನೊಳಗೇ ಇರಬಹುದು.

ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ‘ಡಿ’ ಎಂಬ ಸೂಕ್ಷ್ಮಾಣುವು ಆರೋಗ್ಯವಂತ ಕುರಿ, ಮೇಕೆಗಳ ಕರುಳಿನಲ್ಲಿ ಅಲ್ಪ ಸಂಖ್ಯೆಯಲ್ಲಿ ನೆಲೆಸಿರುತ್ತದೆ, ಅಷ್ಟರಿಂದ ಬಾಧೆಯಿಲ್ಲ. ಕಾಳನ್ನಾಗಲಿ ಎಳೆಹುಲ್ಲನ್ನಾಗಲಿ ಒಮ್ಮೆಲೇ ಅತಿಯಾಗಿ ತಿಂದಾಗ ಜೀರ್ಣವಾಗದ ಪಿಷ್ಟ, ಸಕ್ಕರೆಗಳು ಸಣ್ಣ ಕರುಳಿಗೆ ಇಳಿಯುತ್ತವೆ. ಆಗ ಸೂಕ್ಷ್ಮಾಣುಗಳು ಮಿತಿಮೀರಿ ವೃದ್ಧಿಸಿ ಎಪ್ಸಿಲಾನ್ ಎಂಬ ನಂಜನ್ನು ಉತ್ಪಾದಿಸುತ್ತವೆ. ಅದು ರಕ್ತಗತವಾಗಿ ಮಿದುಳು, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ತಲೆ ಹಿಂದಕ್ಕೆ ಸೆಟೆದು ಒದ್ದಾಡುವ ಮರಿಗೆ ಚಿಕಿತ್ಸೆ ಫಲಿಸುವುದು ಅಪರೂಪ.

ಆದುದರಿಂದ ಮುಂಗಾರಿಗೆ ಮುನ್ನ ಪ್ರತಿವರ್ಷ ಲಸಿಕೆ ಹಾಕಿಸಬೇಕು. ಮೊದಲ ಸಲವಾದರೆ 15 ದಿನಗಳ ಬಳಿಕ ಮತ್ತೊಮ್ಮೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಭಾಗದಲ್ಲಿ ಏಪ್ರಿಲ್‌ನಲ್ಲೇ ಮಳೆ ಬೀಳುವುದರಿಂದ ಮೇ ಕೊನೆಯವರೆಗೆ ಕಾಯುವುದು ತರವಲ್ಲ. ಹಸಿದ ಹಿಂಡಿಗೆ ಮೊದಲು ರಾಗಿಹುಲ್ಲು ತಿನ್ನಿಸಿ, ಅನಂತರ ಸ್ವಲ್ಪ ಹೊತ್ತು ಮಾತ್ರ ಹಸಿರಿಗೆ ಬಿಡಿರಿ.

ಸತ್ತ ಪ್ರಾಣಿಯ ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದ್ದರೆ ಅದು ನೆರಡಿ ರೋಗ, ಅಂದರೆ ಅಂಥ್ರಾಕ್ಸ್ ಇರಬಹುದು. ಅಂಥ ಶವವನ್ನು ಸೀಳದೆ ಕೂಡಲೇ ಪಶುವೈದ್ಯರಿಗೆ ತಿಳಿಸಿರಿ.