ಲಾರಿಯ ಎಂಜಿನ್ ಇಳಿಸುವ ಮುನ್ನ

‘ಗಾಡಿ ಎಂಜಿನ್ ಕೆಲಸಕ್ಕೆ ಬಂದದ’ ಎಂಬ ಮಾತು ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ, ಒಂದೇ ಲಾರಿಯನ್ನು ನೆಚ್ಚಿದ ಮನೆಯಲ್ಲಿ ಕೇಳಿಬಂದರೆ ಅಂದು ಅಲ್ಲಿ ಊಟ ರುಚಿಸುವುದಿಲ್ಲ. ಹಿಂದೆ 9 ಎನಿಸಿಕೊಂಡು ಈಗ 65 ಆಗಿರುವ ಪುಣೆ–ಹೈದರಾಬಾದ್ ಹೆದ್ದಾರಿ ಈ ಸೀಮೆಯ ಎಷ್ಟೋ ಕುಟುಂಬಗಳಿಗೆ ಲಾರಿಯನ್ನೇ ಜೀವನೋಪಾಯವಾಗಿ ಕೊಟ್ಟಿದೆ. ಗಾಡಿ ನಿಂತರೂ ಸಾಲದ ಕಂತು ನಿಲ್ಲದು. ಆದುದರಿಂದಲೇ ಅನೇಕರು ಮಿಸ್ತ್ರಿಯನ್ನು ಮನೆಯಂಗಳಕ್ಕೆ ಕರೆಸಿ ಎಂಜಿನ್ ಬಿಚ್ಚಿಸಲು ಮನಸ್ಸು ಮಾಡುತ್ತಾರೆ. ಅಂಗಳದ ಕೆಲಸ ಎಲ್ಲಿಯವರೆಗೆ, ಎಲ್ಲಿ ಕೈ ತೆಗೆಯಬೇಕು ಎಂಬುದಷ್ಟೇ ಇಂದಿನ ನನ್ನ ವಿಷಯ.

ಮೊದಲು ಹೊಗೆಯನ್ನು ನೋಡಬೇಕು. ಕಪ್ಪು ಹೊಗೆಯೆಂದರೆ ಗಾಳಿ ಸಾಲದು, ಇಲ್ಲವೆ ಡೀಸೆಲ್ ಹೆಚ್ಚು. ಅಷ್ಟಕ್ಕೇ ಎಂಜಿನ್ ಇಳಿಸಬೇಕಾಗಿಲ್ಲ. ನೀಲಿ ಹೊಗೆಯೊಡನೆ ಆಯಿಲ್ ಖರ್ಚು ಏರಿ, ಬ್ರೀದರಿನಿಂದ ಬಿಸಿ ಉಸಿರು ಹೊಮ್ಮುತ್ತಿದ್ದರೆ ರಿಂಗು ಲೈನರುಗಳು ಸವೆದಿವೆ. ಸವೆಸಿದ್ದು ಬಹುಮಟ್ಟಿಗೆ ನಮ್ಮ ಜಂಬಿಟ್ಟಿಗೆ ನೆಲದ ಕೆಂಪು ಧೂಳೇ. ಗಾಳಿ ಕೊಳವೆಯಲ್ಲಿ ಕೂದಲೆಳೆಯ ಬಿರುಕಿದ್ದರೂ ಸಾಕು, ಧೂಳು ಒಳಹೊಕ್ಕು ಅರದಂತೆ ಉಜ್ಜುತ್ತದೆ. ಆ ಕೊಳವೆಯನ್ನು ಬದಲಿಸದೆ ಹೊಸ ಲೈನರು ಕೂರಿಸುವುದು ದುಡ್ಡನ್ನು ಹೊಳೆಗೆ ಹಾಕಿದಂತೆಯೇ ಸರಿ.

ಎಂಜಿನ್ ಸುಮಾರು ಅರ್ಧ ಟನ್ ತೂಗುತ್ತದೆ. ಬೇವಿನ ಕೊಂಬೆಗೆ ಸರಪಳಿ ಕಟ್ಟಿ ಎತ್ತುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಬ್ಬಿಣದ ಮೂರುಗಾಲಿನ ಕಂಬವೇ ಬೇಕು, ಅದರ ಅಡಿಯಲ್ಲಿ ಯಾರೂ ನಿಲ್ಲಬಾರದು. ಬಿಚ್ಚುವುದು, ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆಯುವುದು, ವಾಲ್ವು ಉಜ್ಜುವುದು, ಲೈನರು ಬದಲಿಸುವುದು ಇವೆಲ್ಲ ಅಂಗಳದಲ್ಲಿ ಆದಾವು. ಬೇರಿಂಗ್ ಮುಚ್ಚಳಗಳಿಗೆ ಬಿಚ್ಚುವಾಗಲೇ ಗುರುತು ಹಾಕಿರಬೇಕು; ಒಂದರದು ಇನ್ನೊಂದಕ್ಕೆ ಸಲ್ಲದು. ಆದರೆ ಕ್ರ್ಯಾಂಕ್ ಶಾಫ್ಟನ್ನು ಮೈಕ್ರೋಮೀಟರಿನಿಂದ ಅಳೆಯದೆ ಕೂರಿಸಬಾರದು. ದುಂಡುತನ ಕೆಟ್ಟಿದ್ದರೆ ಗ್ರೈಂಡಿಂಗ್ ಯಂತ್ರಕ್ಕೆ ಒಯ್ಯಬೇಕು, ಸಾಮಾನ್ಯವಾಗಿ 0.25 ಮಿಲಿಮೀಟರ್ ಇಳಿಸಿ, ಆ ಅಳತೆಗೆ ಹೊಂದುವ ಬೇರಿಂಗ್ ಹಾಕುತ್ತಾರೆ. ಡೀಸೆಲ್ ಪಂಪಿಗಂತೂ ಮನೆಯಲ್ಲಿ ಕೈ ಹಚ್ಚಲೇಬಾರದು. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಲಾರಿಗಳಲ್ಲಿ ಡೀಸೆಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಹಿಡಿತವೆಲ್ಲ ಎಲೆಕ್ಟ್ರಾನಿಕ್ ಪೆಟ್ಟಿಗೆಯದು. ಅವು ಅಂಗಳದ ವಿದ್ಯೆಗೆ ಸಿಕ್ಕುವಂಥವಲ್ಲ.

ಇಷ್ಟು ಕಷ್ಟವೇಕೆ, ಹಳೆಯ ಎಂಜಿನ್ನೊಂದನ್ನು ತಂದು ಕೂರಿಸಿದರಾಯಿತು ಎನ್ನುವವರುಂಟು. ಬ್ಲಾಕ್ ಬಿರಿದಿದ್ದರೆ ಬೇರೆ ದಾರಿಯಿಲ್ಲ, ನಿಜ. ಬಿರಿಯದಿದ್ದಲ್ಲಿ ನಾನಂತೂ ನನ್ನ ಗಾಡಿಯದನ್ನೇ ರಿಪೇರಿ ಮಾಡಿಸುವೆನು. ಪರರ ಎಂಜಿನ್ ಎಷ್ಟು ಬಿಸಿಲು ಕಂಡಿದೆಯೋ ಬಲ್ಲವರಾರು? ತರುವುದೇ ಆದರೆ ಅದೇ ಮಾದರಿಯದಿರಲಿ, ಕಾಗದಪತ್ರವಿರಲಿ. ಎಂಜಿನ್ ನಂಬರು ನೋಂದಣಿ ಪತ್ರದಲ್ಲಿ ದಾಖಲಾಗಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ಬದಲಾವಣೆಗೆ ಸಾರಿಗೆ ಕಚೇರಿಯ ಒಪ್ಪಿಗೆ ಬೇಕು. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದು ಆ ನಂಬರನ್ನೇ.

ಜೋಡಣೆ ಮುಗಿದ ಮೇಲೆ ಕೈಯಿಂದ ಎರಡು ಸುತ್ತು ತಿರುಗಿಸಿ, ಎಲ್ಲಿಯೂ ತಡೆಯಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಡೀಸೆಲ್ ಬಿಡದೆ ಸೆಲ್ಫ್ ಹೊಡೆದು, ಆಯಿಲ್ ಪ್ರೆಷರ್ ಮುಳ್ಳು ಏಳುವುದನ್ನು ಕಂಡ ಮೇಲೆಯೇ ಎಂಜಿನ್ ಚಾಲೂ ಮಾಡಬೇಕು. ಕೆಲವು ದಿನ ಹಗುರ ಲೋಡು ಸಾಕು. ಮೊದಲ ಆಯಿಲನ್ನು ಬೇಗನೆ ಇಳಿಸಿ ಬಿಳಿಯ ಬಟ್ಟೆಯಲ್ಲಿ ಸೋಸಿ ನೋಡಿರಿ. ಮಿನುಗುವ ಲೋಹದ ಚೂರು ಕಂಡರೆ, ಬಾಡಿಗೆ ಎಷ್ಟೇ ಒಳ್ಳೆಯದಿರಲಿ, ಗಾಡಿಯನ್ನು ಕಳಿಸಬೇಡಿರಿ.