ಉದರಶೂಲೆಗೆ ವಿದ್ಯುತ್ತಿನ ಉಪಚಾರ

ಹೊಟ್ಟೆನೋವೆಂಬ ಒಂದೇ ಬಾಧೆಗೆ ನಮ್ಮ ನುಡಿಯಲ್ಲಿ ಎಷ್ಟೊಂದು ಹೆಸರುಗಳಿವೆ! ನುಲಿತ, ಮುರಿತ, ಉಬ್ಬರ, ಉರಿ, ಚುಚ್ಚು, ಶೂಲೆ ಇವು ಒಂದೊಂದೂ ಬೇರೆ ಬೇರೆ ಬಗೆಯ ಸಂಕಟವನ್ನು ಸೂಚಿಸತಕ್ಕವು. ಊರು ಬಿಟ್ಟು ಮುಂಬಯಿ ಪುಣೆಗಳಲ್ಲಿ ನೆಲೆಸಿದ ನಮ್ಮವರು ಅಲ್ಲಿಯ ವೈದ್ಯರೆದುರು ಕುಳಿತಾಗ ಈ ಸಂಪತ್ತೆಲ್ಲ ನಿರುಪಯೋಗವಾಗಿ, ವರ್ಷಗಟ್ಟಲೆಯ ಯಾತನೆಯನ್ನು “ಪೇಟ್ ಮೇಂ ದರ್ದ್” ಎಂಬ ಮೂರು ಶಬ್ದಗಳಲ್ಲಿ ಮುಗಿಸಬೇಕಾಗುತ್ತದೆ. ಗುಳಿಗೆ ದೊರೆಯುತ್ತದೆ, ನೋವು ಉಳಿಯುತ್ತದೆ. ಇಂಥವರಲ್ಲಿ ಅನೇಕರು ಈಗ ಟೆನ್ಸ್ ಎಂಬ ಉಪಕರಣದ ಮೊರೆಹೊಗುತ್ತಿದ್ದಾರೆ. ಅಂಗೈಯಗಲದ ಒಂದು ಪೆಟ್ಟಿಗೆ, ಅದರಿಂದ ಹೊರಟ ತಂತಿಗಳು, ತಂತಿಗಳ ತುದಿಯಲ್ಲಿ ಚರ್ಮಕ್ಕೆ ಅಂಟುವ ಮೆತ್ತನೆಯ ಪಟ್ಟಿಗಳು, ಇಷ್ಟೇ ಅದರ ಸ್ವರೂಪ. ಸೂಜಿಯಿಲ್ಲ, ಕೊಯ್ತವಿಲ್ಲ, ಮನೆಯಲ್ಲಿಯೇ ಕುಳಿತು ಉಪಯೋಗಿಸಬಹುದು.

ವಿದ್ಯುತ್ತಿನಿಂದ ನೋವನ್ನಡಗಿಸುವ ಯೋಚನೆ ಹೊಸತಲ್ಲ. ಮುಟ್ಟಿದವರಿಗೆ ವಿದ್ಯುದಾಘಾತವನ್ನು ಕೊಡುವ ಟಾರ್ಪಿಡೊ ಮೀನನ್ನು ತಲೆನೋವಿಗೂ ಕಾಲಿನ ವಾತಕ್ಕೂ ಬಳಸಬಹುದೆಂದು ಕ್ರಿ.ಶ. 1ನೆಯ ಶತಮಾನದಲ್ಲಿಯೇ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸನು ಬರೆದಿಟ್ಟಿದ್ದಾನೆ. 19ನೆಯ ಶತಮಾನದಲ್ಲಿ ಸೊಂಟಕ್ಕೆ ಕಟ್ಟುವ ವಿದ್ಯುತ್ ಪಟ್ಟಿಗಳು ಸರ್ವರೋಗನಿವಾರಕಗಳೆಂದು ಪಾಶ್ಚಾತ್ಯ ಪತ್ರಿಕೆಗಳ ಜಾಹೀರಾತುಗಳಲ್ಲಿ ಮೆರೆದವು. (ಪತ್ರಿಕೆಯವರಾದ ನಾವು ಈ ಮಾತನ್ನು ತುಸು ಸಂಕೋಚದಿಂದಲೇ ಬರೆಯಬೇಕಾಗಿದೆ.) ಈ ಯೋಚನೆಗೆ ಶಾಸ್ತ್ರದ ಆಧಾರ ದೊರೆತದ್ದು 1965ರಲ್ಲಿ. ಆ ವರ್ಷ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು, ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆಯೆಂದೂ, ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ ಆ ಬಾಗಿಲು ಮುಚ್ಚಿಕೊಂಡು, ತೆಳುವಾದ ತಂತುಗಳು ತರುವ ನೋವಿನ ಸುದ್ದಿ ಮಿದುಳಿಗೆ ಸರಿಯಾಗಿ ತಲುಪಲಾರದೆಂದೂ ಪ್ರತಿಪಾದಿಸಿದರು. ಪೆಟ್ಟು ಬಿದ್ದೊಡನೆ ಆ ಜಾಗವನ್ನು ಉಜ್ಜಿಕೊಳ್ಳುವುದು ನಮಗೆಲ್ಲ ಸಹಜವಾಗಿ ಬಂದ ವಿದ್ಯೆ. ಹೊಟ್ಟೆ ಹಿಡಿದುಕೊಂಡು ಅಳುವ ಮಗುವಿಗೆ ಅಜ್ಜಿ ಹರಳೆಣ್ಣೆ ಸವರಿ ನೀವುತ್ತಿದ್ದಾಗಲೂ ಎಣ್ಣೆಗಿಂತ ಅಂಗೈಯ ಕೆಲಸವೇ ಹೆಚ್ಚಿತ್ತೆಂದು ತೋರುತ್ತದೆ. 1967ರಲ್ಲಿ ವಾಲ್ ಮತ್ತು ವಿಲಿಯಂ ಸ್ವೀಟ್ ಇಬ್ಬರೂ ನರಗಳಿಗೆ ವಿದ್ಯುತ್ತನ್ನು ಹಾಯಿಸಿ ನೋವು ತಾತ್ಕಾಲಿಕವಾಗಿ ಶಮನವಾಗುವುದನ್ನು ತೋರಿಸಿದ ಮೇಲೆ ಉಪಕರಣಗಳ ತಯಾರಿಕೆಗೆ ದಾರಿಯಾಯಿತು.

ಉದರದ ನೋವಿಗೆ ಇದನ್ನು ಅನ್ವಯಿಸುವಲ್ಲಿ ಒಂದು ವಿಶೇಷವಿದೆ. ಕರುಳು, ಪಿತ್ತಕೋಶ ಮೊದಲಾದ ಒಳ ಅವಯವಗಳ ನರಗಳೂ ಹೊಟ್ಟೆಯ ಮತ್ತು ಬೆನ್ನಿನ ಚರ್ಮದ ನರಗಳೂ ಬೆನ್ನುಹುರಿಯ ಅವೇ ಮಟ್ಟಗಳನ್ನು ಬಂದು ಸೇರುತ್ತವೆ. ಆದಕಾರಣ ಪಟ್ಟಿಯನ್ನು ನೋಯುವ ಸ್ಥಳದ ಬಳಿ ಅಂಟಿಸುವುದುಂಟು, ಅದೇ ಮಟ್ಟದ ಬೆನ್ನಿನ ಭಾಗಕ್ಕೆ ಅಂಟಿಸುವುದೂ ಉಂಟು. ಪ್ರವಾಹವು ಮಿಡಿಯುವ ವೇಗವನ್ನೂ ಬಲವನ್ನೂ ಗುಂಡಿಯಿಂದ ಹೊಂದಿಸಿಕೊಳ್ಳಬಹುದು. ಸಾಮಾನ್ಯವಾಗಿ ಸೆಕೆಂಡಿಗೆ ನೂರರ ಸುಮಾರಿಗೆ ಮಿಡಿಯುವಂತೆ ಇಟ್ಟು, ಚರ್ಮದಲ್ಲಿ ಜುಮುಜುಮು ಸ್ಪಷ್ಟವಾಗಿ ತಿಳಿಯುವಷ್ಟು, ಆದರೆ ನೋಯದಷ್ಟು ಬಲವನ್ನು ಏರಿಸುವರು. ಅರ್ಧ ಗಂಟೆ, ಒಂದು ಗಂಟೆ ಹೀಗಿಟ್ಟರೆ ಕೆಲವರಿಗೆ ಒಳ್ಳೆಯ ನೆಮ್ಮದಿ ಸಿಗುತ್ತದೆ. ಕೆಲವರಿಗೆ ಏನೂ ಆಗುವುದಿಲ್ಲ.

ಪಂಡಿತರಲ್ಲಿ ಏಕಾಭಿಪ್ರಾಯವಿಲ್ಲವೆಂಬುದನ್ನು ಮುಚ್ಚಿಡಬಾರದು. 2022ರಲ್ಲಿ 381 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದವರು, ಉಪಕರಣವನ್ನು ಹಚ್ಚಿಕೊಂಡಿರುವಾಗಲೂ ತೆಗೆದ ಕೂಡಲೂ ನೋವು ಕಡಿಮೆಯಿರುವುದೆಂದು ಕಂಡರು. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಕ ಸಂಸ್ಥೆಯಾದ ನೈಸ್ ಮಾತ್ರ, ಬೇರೆ ವ್ಯಾಧಿಯಿಂದ ಹುಟ್ಟದೆ ತಾನೇ ವ್ಯಾಧಿಯಾಗಿ ನಿಂತ ದೀರ್ಘಕಾಲದ ನೋವಿಗೆ ಇದನ್ನು ಕೊಡಬೇಡಿರೆಂದು 2021ರಲ್ಲಿ ಹೇಳಿತು. ಮಕ್ಕಳ ವಿಷಯದಲ್ಲಿ ಆಸೆ ಹುಟ್ಟಿಸುವ ಪ್ರಯತ್ನಗಳು ನಡೆದಿವೆ. ಹಟಮಾರಿ ಮಲಬದ್ಧತೆಯಿಂದ ನರಳುವ ಮಕ್ಕಳ ಹೊಟ್ಟೆಗೂ ಬೆನ್ನಿಗೂ ಪಟ್ಟಿಯಂಟಿಸಿ ಮನೆಯಲ್ಲಿಯೇ ಪ್ರತಿದಿನ ಉಪಚರಿಸುವ ಕ್ರಮವನ್ನು ಮೆಲ್ಬರ್ನಿನ ವೈದ್ಯರು ಪರೀಕ್ಷಿಸಿ, ಮಲಪ್ರವೃತ್ತಿ ಹೆಚ್ಚಿದುದನ್ನು 2009ರಲ್ಲಿ ವರದಿ ಮಾಡಿದರು. 2019ರಲ್ಲಿ ಅಮೇರಿಕದ ಸರಕಾರವು 11ರಿಂದ 18 ವರ್ಷದವರ ಕರುಳಿನ ನೋವಿಗಾಗಿ ಕಿವಿಯ ಹಿಂದೆ ಧರಿಸುವ ಉಪಕರಣವೊಂದಕ್ಕೆ ಅನುಮತಿಯಿತ್ತಿತು. ಕಿವಿಗೂ ಹೊಟ್ಟೆಗೂ ಏನು ನಂಟು ಎಂದು ಕೇಳಬಹುದು. ಕರುಳಿನವರೆಗೆ ಇಳಿಯುವ ವೇಗಸ್ ನರದ ಕವಲೊಂದು ಕಿವಿಯಲ್ಲಿಯೂ ಇದೆ. ಇದರಲ್ಲಿ ಸೂಕ್ಷ್ಮ ಸೂಜಿಗಳಿರುವುದರಿಂದ ವೈದ್ಯರೇ ತೊಡಿಸಿ ಕಳುಹಿಸಬೇಕು.

ಇನ್ನು ನಮ್ಮನ್ನು ಈ ಲೇಖನಕ್ಕೆ ತೊಡಗಿಸಿದ ಸಂಗತಿ. ಡೊಂಬಿವಲಿಯಲ್ಲಿರುವ ನಮ್ಮ ಪರಿಚಯದ ಗೃಹಸ್ಥರೊಬ್ಬರಿಗೆ ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ನೋವು ಬರುತ್ತಿತ್ತು. ಬೆಳಗಿನ ಲೋಕಲ್ ತಪ್ಪಿದರೆ ಅರ್ಧ ದಿನದ ರಜೆ. ವೈದ್ಯರಲ್ಲಿಗೆ ಹೋಗಲು ಅವರಿಗೆ ಬಿಡುವೇ ಇರಲಿಲ್ಲ. ಯಾರೋ ಹೇಳಿದರೆಂದು ಪೆಟ್ಟಿಗೆಯನ್ನು ತರಿಸಿಕೊಂಡರು. ನೋವು ಬಂದಾಗಲೆಲ್ಲ ಪಟ್ಟಿ ಅಂಟಿಸಿಕೊಂಡರು; ಸುಖವೂ ಸಿಕ್ಕಿತು. ಮೂರು ತಿಂಗಳು ಹೀಗೆ ಸಾಗಿತು. ಕಡೆಗೊಂದು ದಿನ ಚಳಿಜ್ವರ ಬಂದು, ಕಣ್ಣು ಹಳದಿಯಾಗಿ, ಅವರನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಪಿತ್ತಕೋಶದ ಕಲ್ಲು ಜಾರಿ ಪಿತ್ತನಾಳಕ್ಕೆ ಅಡ್ಡವಾಗಿತ್ತು. ಯಂತ್ರವು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಕೂಗುವ ಕಾವಲುಗಾರನನ್ನು ಮಲಗಿಸಿತ್ತು.

ಆದುದರಿಂದ ಕಾರಣ ಗೊತ್ತಾಗದ ಹೊಟ್ಟೆನೋವಿಗೆ ಇದನ್ನು ಹಚ್ಚಿಕೊಳ್ಳುವುದನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ನಿದ್ರೆಯಿಂದ ಎಬ್ಬಿಸುವ ನೋವಿದ್ದರೆ ಮೊದಲು ವೈದ್ಯರು, ಆಮೇಲೆ ಪೆಟ್ಟಿಗೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ವೈದ್ಯರ ಅಪ್ಪಣೆಯಿಲ್ಲದೆ ಇದನ್ನು ಮುಟ್ಟಲಾಗದು. ಮೂರ್ಛೆರೋಗವಿರುವವರೂ ಕೇಳಿಯೇ ಮುಂದುವರಿಯಬೇಕು. ಗರ್ಭಿಣಿಯರ ಹೊಟ್ಟೆಗೆ ಹಚ್ಚತಕ್ಕದ್ದಲ್ಲ. ಗಾಯವಾದ ಚರ್ಮದ ಮೇಲೂ ಕತ್ತಿನ ಮುಂಭಾಗದಲ್ಲೂ ಪಟ್ಟಿ ಬೇಡ. ವೈದ್ಯರಲ್ಲಿಗೆ ಹೋಗುವಾಗ ಅಲ್ಲಿಯ ಭಾಷೆಯನ್ನು ಬಲ್ಲ ನೆರೆಯವರನ್ನೋ ಮಕ್ಕಳನ್ನೋ ಕರೆದೊಯ್ದು, ನುಲಿತವೋ ಉರಿಯೋ, ಊಟಕ್ಕೆ ಮುಂಚೆಯೋ ತರುವಾಯವೋ ಎಂಬುದನ್ನು ವಿವರವಾಗಿ ಹೇಳಿಸಬೇಕು. ಅರ್ಧ ರೋಗನಿರ್ಣಯ ಅದರಲ್ಲಿಯೇ ಇದೆ.

ಡೊಂಬಿವಲಿಯ ಗೃಹಸ್ಥರು ಶಸ್ತ್ರಚಿಕಿತ್ಸೆಯಾಗಿ ಗುಣಹೊಂದಿದ್ದಾರೆ. ಪೆಟ್ಟಿಗೆ ಮೂಲೆ ಸೇರಲಿಲ್ಲ. ಕಾಲೇಜಿಗೆ ಹೋಗುವ ಅವರ ಮಗಳು, ವೈದ್ಯೆಯನ್ನು ಕೇಳಿಕೊಂಡು, ತಿಂಗಳ ಹೊಟ್ಟೆನೋವಿನ ದಿನಗಳಲ್ಲಿ ಅದನ್ನು ಉಪಯೋಗಿಸುತ್ತಿದ್ದಾಳೆ.