ಟಚ್‌ಪ್ಯಾಡನ್ನು ಹದಗೊಳಿಸುವ ಬಗೆ

ಲ್ಯಾಪ್‌ಟಾಪ್ ಎಂಬ ಮಡಿಸುವ ಗಣಕಯಂತ್ರವು ಈಗ ಅನೇಕ ಮನೆಗಳನ್ನು ಸೇರಿರುವುದಷ್ಟೆ. ಮಕ್ಕಳ ಪಾಠಕ್ಕೂ, ಮನೆಯ ಲೆಕ್ಕಪತ್ರಕ್ಕೂ, ದೂರದ ಬಂಧುಗಳೊಡನೆ ಪತ್ರವ್ಯವಹಾರಕ್ಕೂ ಅದು ಒದಗುತ್ತಿದೆ. ಆದರೆ ಅದರಲ್ಲಿ ಬರೆಯತಕ್ಕವರು, ಅದರಲ್ಲಿಯೂ ವಯಸ್ಸಾದವರು, ಒಂದು ದೂರನ್ನು ಹೇಳುವುದುಂಟು: ಬರೆಯುತ್ತಿರುವಾಗಲೇ ಕರ್ಸರು ಎಲ್ಲಿಗೋ ಹಾರುತ್ತದೆ, ಬೇಡದ ಸಾಲುಗಳ ಮೇಲೆ ತಾನಾಗಿಯೇ ಬಣ್ಣ ಹರಡುತ್ತದೆ, ಮರುಕ್ಷಣದಲ್ಲಿ ಆ ಸಾಲುಗಳೇ ಮಾಯವಾಗುತ್ತವೆ. ಇದರ ಕಾರಣವನ್ನೂ ಪರಿಹಾರವನ್ನೂ ನಾವು ನಷ್ಟಪಟ್ಟು ಕಲಿತೆವು. ವಾಚಕರು ನಷ್ಟಪಡದೆ ತಿಳಿಯಲೆಂದು ಇಲ್ಲಿ ಬರೆಯುತ್ತೇವೆ.

ನಮ್ಮ ಅಕ್ಕನವರಿಗೆ ಈಗ ೭೮ ವರ್ಷ. ಹಸೆಗೆ ಕರೆಯುವ ಹಾಡು, ಉರುಟಣೆಯ ಹಾಡು, ಬೀಗರ ಹಾಡು ಮೊದಲಾದವು ಅವರ ಬಾಯಲ್ಲಿ ಮಾತ್ರ ಉಳಿದಿವೆ. ಅವರು ಹೇಳುವುದು, ನಾವು ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುವುದು ಎಂದು ಏರ್ಪಾಡು ಮಾಡಿಕೊಂಡೆವು. ಒಂದು ಸಾಯಂಕಾಲ ಮೂರು ಹಾಡುಗಳಾದವು. ಬರೆದುದನ್ನು ಉಳಿಸಿ ಯಂತ್ರವನ್ನು ಮುಚ್ಚಿದೆವು. ಮರುದಿನ ತೆರೆದು ನೋಡಲು, ನಡುವಣ ಉರುಟಣೆಯ ಹಾಡಿದ್ದ ಸ್ಥಳದಲ್ಲಿ ಒಂದೇ ಒಂದು ಅಕ್ಷರವಿತ್ತು.

ಆ ಬೆಳಿಗ್ಗೆ ನಮ್ಮ ಮೊಮ್ಮಗಳು ಅದೇ ಯಂತ್ರದಲ್ಲಿ ಚಿತ್ರ ಬರೆದಿದ್ದಳು. ಮತ್ತೇನು ಬೇಕು? ಅವಳೇ ಕೆಡಿಸಿದಳೆಂದು ನಿಶ್ಚಯಿಸಿ ಗದರಿಸಿದೆವು. “ನಾನು ನಿಮ್ಮ ಹಾಡನ್ನು ಮುಟ್ಟಲೇ ಇಲ್ಲ, ತಾತ” ಎಂದು ಮಗು ಅತ್ತಿತು. ನಾವು ನಂಬಲಿಲ್ಲ. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧ ಕಲ್ಪಿಸಬಾರದೆಂದು ಮೂವತ್ತು ವರ್ಷ ಮಕ್ಕಳಿಗೆ ಕಾಕತಾಳೀಯ ನ್ಯಾಯವನ್ನು ಬೋಧಿಸಿದ ನಮಗೆ ಆ ಹೊತ್ತಿನಲ್ಲಿ ಅದು ನೆನಪಾಗಲಿಲ್ಲ.

ನಾಲ್ಕು ದಿನಗಳ ಮೇಲೆ ನಾವೇ ಬರೆಯುತ್ತಿರುವಾಗ, ನಮ್ಮ ಕಣ್ಣೆದುರಿಗೇ, ಐದು ಸಾಲುಗಳು ಬಣ್ಣಗೊಂಡು ಮಾಯವಾದವು. ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳು, “ತಾತ, ನಿಮ್ಮ ಹೆಬ್ಬೆರಳಿನ ಬುಡ ಕೆಳಗೆ ತಗಲುತ್ತಿದೆ, ನೋಡಿ” ಎಂದಳು. ನಿಜವಾಗಿತ್ತು. ಆಚಮನಕಾಲದಲ್ಲಿ ಬ್ರಹ್ಮತೀರ್ಥವೆನ್ನಿಸಿಕೊಳ್ಳುವ ಅಂಗುಷ್ಠಮೂಲವೇ ಇಲ್ಲಿ ಅಪರಾಧಿಯಾಗಿತ್ತು.

ಇದು ಹೇಗೆಂದರೆ: ಕೀಲಿಮಣೆಯ ಕೆಳಗಿರುವ ಚೌಕಾಕಾರದ ನುಣುಪು ಫಲಕಕ್ಕೆ ಟಚ್‌ಪ್ಯಾಡ್ ಎಂದು ಹೆಸರು. ಅದರ ಮೇಲ್ಮೈಯ ಅಡಿಯಲ್ಲಿ ವಿದ್ಯುತ್ತನ್ನು ಹರಿಯಿಸುವ ಅತಿ ಸೂಕ್ಷ್ಮ ತಂತುಗಳು ಜಾಲದಂತೆ ಹರಡಿವೆ. ಮನುಷ್ಯಶರೀರವು ವಿದ್ಯುದ್ವಾಹಕವಾದುದರಿಂದ, ಬೆರಳು ಸಮೀಪಿಸಿದೊಡನೆ ಆ ಸ್ಥಳದ ವಿದ್ಯುತ್‌ಸ್ಥಿತಿ ವ್ಯತ್ಯಾಸವಾಗುತ್ತದೆ. ಯಂತ್ರವು ಅದನ್ನು ಗ್ರಹಿಸಿ ಬೆರಳಿರುವ ಸ್ಥಳವನ್ನು ಕಂಡುಕೊಳ್ಳುತ್ತದೆ. ಒಣಗಿದ ಕಡ್ಡಿಯಿಂದ ಮುಟ್ಟಿದರೆ ಅದಕ್ಕೆ ತಿಳಿಯುವುದಿಲ್ಲ. ಇಡೀ ಅಂಗೈ ತಗಲಿದರೆ ಸ್ಪರ್ಶದ ವಿಸ್ತಾರವನ್ನು ನೋಡಿ ‘ಇದು ಬೆರಳಲ್ಲ’ವೆಂದು ಬಿಟ್ಟುಬಿಡುವ ಉಪಾಯವೂ ಈಗಿನ ಯಂತ್ರಗಳಲ್ಲಿ ಉಂಟು. ಆದರೆ ಹೆಬ್ಬೆರಳಿನ ಬುಡದ ಅಂಚು ಮಾತ್ರ ತಾಕಿದಲ್ಲಿ ಆ ಸ್ಪರ್ಶವು ಬೆರಳ ತುದಿಯಷ್ಟೇ ಕಿರಿದಾಗಿದ್ದು ಯಂತ್ರವನ್ನು ವಂಚಿಸುತ್ತದೆ.

ಫಲಕವು ಕೈ ಊರುವ ಸ್ಥಳದಲ್ಲಿಯೇ ಇರುವುದಕ್ಕೂ ಚರಿತ್ರೆಯುಂಟು. ೧೯೯೧ರಲ್ಲಿ ಅಮೆರಿಕದ ಆಪಲ್ ಸಂಸ್ಥೆಯವರು ತಮ್ಮ ಪವರ್‌ಬುಕ್ ಯಂತ್ರಗಳಲ್ಲಿ ಕೀಲಿಮಣೆಯನ್ನು ಹಿಂದಕ್ಕೆ ಸರಿಸಿ, ಮುಂಭಾಗದಲ್ಲಿ ಅಂಗೈಗಳಿಗೆ ಆಧಾರವನ್ನೂ ನಡುವೆ ಉರುಳುವ ಗುಂಡೊಂದನ್ನೂ ಇಟ್ಟರು. ೧೯೯೪ರ ಪವರ್‌ಬುಕ್ ೫೦೦ ಶ್ರೇಣಿಯಲ್ಲಿ ಗುಂಡಿನ ಸ್ಥಾನಕ್ಕೆ ಸ್ಪರ್ಶಫಲಕವು ಬಂದಿತು. ಗುಂಡನ್ನು ಉರುಳಿಸಿದಲ್ಲದೆ ಅದು ಚಲಿಸುತ್ತಿರಲಿಲ್ಲ; ಫಲಕಕ್ಕಾದರೋ ಸೋಂಕಿದರೆ ಸಾಕು. ಇಂದಿನ ಲ್ಯಾಪ್‌ಟಾಪುಗಳ ವಿನ್ಯಾಸವೂ ಬಹುಮಟ್ಟಿಗೆ ಇದೇ.

ಇನ್ನು ಅನರ್ಥದ ಕ್ರಮವನ್ನು ನೋಡೋಣ. ಫಲಕವನ್ನು ಒಮ್ಮೆ ತಟ್ಟಿದರೆ ಕರ್ಸರು ಬಾಣದ ಗುರುತು ಇರುವ ಸ್ಥಳಕ್ಕೆ ಹೋಗುತ್ತದೆ. ಒಮ್ಮೆ ತಟ್ಟಿ, ಎರಡನೆಯ ಸಲ ಮುಟ್ಟಿದಾಗ ಕೈಯೆತ್ತದೆ ಎಳೆದರೆ, ಎಳೆದಷ್ಟು ಬರವಣಿಗೆಯು ಆಯ್ಕೆಯಾಗುತ್ತದೆ. ಆ ಸ್ಥಿತಿಯಲ್ಲಿ ಯಾವ ಅಕ್ಷರವನ್ನು ಒತ್ತಿದರೂ ಆಯ್ದುದೆಲ್ಲವೂ ಅಳಿದು ಆ ಅಕ್ಷರವೊಂದೇ ನಿಲ್ಲುತ್ತದೆ. ನಮ್ಮ ಉರುಟಣೆಯ ಹಾಡು ಹೋದ ದಾರಿ ಇದೇ.

ಈಗ ಪರಿಹಾರ. ವಿಂಡೋಸ್ ೧೧ ಇರುವ ಯಂತ್ರದಲ್ಲಿ ವಿಂಡೋಸ್ ಕೀಲಿಯನ್ನೂ ‘ಐ’ ಕೀಲಿಯನ್ನೂ ಒಟ್ಟಿಗೆ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಅಲ್ಲಿ ‘ಬ್ಲೂಟೂತ್ ಅಂಡ್ ಡಿವೈಸಸ್’, ಅದರೊಳಗೆ ‘ಟಚ್‌ಪ್ಯಾಡ್’, ಅದರೊಳಗೆ ‘ಟ್ಯಾಪ್ಸ್’ ಎಂಬುದಕ್ಕೆ ಹೋಗತಕ್ಕದ್ದು.

ಮೊದಲನೆಯದಾಗಿ, ‘ಟಚ್‌ಪ್ಯಾಡ್ ಸೆನ್ಸಿಟಿವಿಟಿ’ಯನ್ನು ‘ಲೋ’ ಎಂಬುದಕ್ಕೆ ಇಳಿಸಬೇಕು. ಆಗ ಅಕ್ಷರವನ್ನು ಒತ್ತಿದ ಬಳಿಕ ಸ್ವಲ್ಪ ಹೊತ್ತು ಯಂತ್ರವು ಫಲಕದ ಸೋಂಕನ್ನು ಲಕ್ಷಿಸುವುದಿಲ್ಲ. ಎರಡನೆಯದಾಗಿ, ಎರಡು ಸಲ ತಟ್ಟಿ ಎಳೆದು ಆಯ್ಕೆಮಾಡುವ ಅನುಕೂಲದ ಮುಂದಿರುವ ಗುರುತನ್ನು ತೆಗೆದುಬಿಡಬೇಕು. ಇಷ್ಟರಿಂದಲೂ ಗುಣ ಕಾಣದಿದ್ದರೆ ಒಂದು ಬೆರಳಿನಿಂದ ತಟ್ಟುವ ಅನುಕೂಲವನ್ನೂ ತೆಗೆಯಬಹುದು. ಆ ಮೇಲೆ ಫಲಕವನ್ನು ‘ಟಕ್’ ಎನ್ನುವಂತೆ ಅದುಮಿದರೆ ಮಾತ್ರ ಆಜ್ಞೆಯಾಗುತ್ತದೆ, ಸೋಂಕಿದರೆ ಆಗುವುದಿಲ್ಲ. ಕೈ ನಡುಗುವ ಹಿರಿಯರಿಗೆ ಇದೇ ಕ್ಷೇಮ. ಬಾಣದ ಗುರುತು ಅತಿಯಾಗಿ ಓಡುತ್ತಿದ್ದರೆ ‘ಕರ್ಸರ್ ಸ್ಪೀಡ್’ ಎಂಬುದನ್ನು ತಗ್ಗಿಸತಕ್ಕದ್ದು.

ಮೌಸನ್ನು ಬಳಸುವವರು, ಮೌಸ್ ಜೋಡಿಸಿರುವಾಗಲೂ ಟಚ್‌ಪ್ಯಾಡನ್ನು ಎಚ್ಚರವಾಗಿಡುವ ಗುರುತನ್ನು ತೆಗೆದರೆ, ಮೌಸ್ ಇರುವಷ್ಟು ಕಾಲ ಫಲಕವು ಸುಮ್ಮನಿರುತ್ತದೆ. ಮೌಸಿನ ಏರ್ಪಾಡುಗಳಲ್ಲಿ ‘ಕ್ಲಿಕ್‌ಲಾಕ್’ ಎಂಬುದು ಚಾಲ್ತಿಯಲ್ಲಿದ್ದರೆ ಅದನ್ನೂ ನಿಲ್ಲಿಸುವುದು ಲೇಸು. ಗುಂಡಿಯನ್ನು ಕೊಂಚ ಹೊತ್ತು ಒತ್ತಿದರೆ ಅದು ಹಿಡಿದಂತೆಯೇ ಉಳಿದು, ಬೇಡದ ಸಾಲುಗಳನ್ನೆಲ್ಲ ಆಯ್ದುಕೊಳ್ಳುತ್ತದೆ. ಕೆಲವು ಹಳೆಯ ಯಂತ್ರಗಳಲ್ಲಿ ಈ ಅನುಕೂಲಗಳೆಲ್ಲವೂ ಕಾಣಿಸವು. ಆಪಲ್ ಯಂತ್ರಗಳಲ್ಲಾದರೆ ‘ಟ್ರ್ಯಾಕ್‌ಪ್ಯಾಡ್’ ಎಂಬಲ್ಲಿ ‘ಟ್ಯಾಪ್ ಟು ಕ್ಲಿಕ್’ ಎಂಬುದನ್ನು ನಿಲ್ಲಿಸಬೇಕು.

ವರ್ಡ್ ಎಂಬ ಬರವಣಿಗೆಯ ತಂತ್ರಾಂಶವನ್ನು ಬಳಸುವವರಿಗೆ ಇನ್ನೊಂದು ರಕ್ಷೆಯುಂಟು. ‘ಫೈಲ್’, ‘ಆಪ್ಷನ್ಸ್’, ‘ಅಡ್ವಾನ್ಸ್‌ಡ್’ ಎಂದು ಕ್ರಮವಾಗಿ ಹೋಗಿ, ‘ಟೈಪಿಂಗ್ ರೀಪ್ಲೇಸಸ್ ಸೆಲೆಕ್ಟೆಡ್ ಟೆಕ್ಸ್ಟ್’ ಎಂಬುದರ ಗುರುತನ್ನು ತೆಗೆದರೆ, ಅಕಸ್ಮಾತ್ತಾಗಿ ಸಾಲುಗಳು ಆಯ್ಕೆಯಾದರೂ ಮುಂದಿನ ಅಕ್ಷರದಿಂದ ಅವು ಅಳಿಯವು.

ಇಷ್ಟಾಗಿಯೂ ಬರವಣಿಗೆ ಮಾಯವಾದಲ್ಲಿ, ಗಾಬರಿಯಿಂದ ಮತ್ತೇನನ್ನೂ ಒತ್ತದೆ, ಕಂಟ್ರೋಲ್ ಕೀಲಿಯನ್ನೂ ‘ಜೆಡ್’ ಕೀಲಿಯನ್ನೂ ಒಟ್ಟಿಗೆ ಒತ್ತಬೇಕು, ಹೋದುದು ಹಿಂದಿರುಗುವುದು. ಒಮ್ಮೆಗೆ ಬಾರದಿದ್ದರೆ ಪುನಃ ಪುನಃ ಒತ್ತಬಹುದು. ನಾವು ಪರದೆಯನ್ನು ನೋಡದೆ ಕೀಲಿಗಳನ್ನೇ ನೋಡುತ್ತ ಬರೆದು, ಉಳಿಸಿ, ಮುಚ್ಚಿಬಿಟ್ಟುದರಿಂದ ಈ ಉಪಾಯವೂ ನಮಗೆ ತಪ್ಪಿಹೋಯಿತು.

“ಈ ಯಂತ್ರ ನನ್ನ ಕೈಗೆ ಒಗ್ಗದು” ಎಂದು ಲ್ಯಾಪ್‌ಟಾಪನ್ನು ಮುಚ್ಚಿಟ್ಟ ಹಿರಿಯರನ್ನು ನಾವು ಬಲ್ಲೆವು. ಕೈಯಲ್ಲಿ ದೋಷವಿಲ್ಲ, ವಯಸ್ಸಿನಲ್ಲಿಯೂ ಇಲ್ಲ. ಯಾವ ಸ್ಪರ್ಶವು ಆಜ್ಞೆ, ಯಾವುದು ಅಲ್ಲ ಎಂಬುದನ್ನು ಯಂತ್ರಕ್ಕೆ ಒಮ್ಮೆ ತಿಳಿಸಬೇಕಾಗಿದೆ, ಅಷ್ಟೆ. ಅದು ಹತ್ತು ನಿಮಿಷದ ಕೆಲಸ.

ಮೊಮ್ಮಗಳನ್ನು ಕರೆದು, “ತಪ್ಪು ನಮ್ಮದು, ಮಗು” ಎಂದು ಹೇಳಿದೆವು. ಈ ಏರ್ಪಾಡುಗಳನ್ನೆಲ್ಲ ನಮ್ಮ ಯಂತ್ರದಲ್ಲಿ ಮಾಡಿಕೊಟ್ಟವಳೂ ಅವಳೇ. ಅಕ್ಕನವರು ಉರುಟಣೆಯ ಹಾಡನ್ನು ಮತ್ತೆ ಹೇಳಿದರು. ಆದರೆ ಮೊದಲ ದಿನ ಬಂದಿದ್ದ ಎರಡು ನುಡಿಗಳು ಎಷ್ಟು ಯತ್ನಿಸಿದರೂ ಅವರ ನೆನಪಿಗೆ ಬಂದಿಲ್ಲ. ಅವುಗಳಿಗಾಗಿ ನಾವು ಪುಟದಲ್ಲಿ ಸ್ಥಳ ಬಿಟ್ಟಿದ್ದೇವೆ. ವಾಚಕರ ಮನೆಗಳಲ್ಲಿಯೂ ಇಂತಹ ಬರವಣಿಗೆ ನಡೆಯುತ್ತಿರಬಹುದು. ಆದಕಾರಣ ಇಂದೇ ತಮ್ಮ ಯಂತ್ರವನ್ನು ಪರೀಕ್ಷಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ.